ಹೈಡ್ರಾಕ್ಸಿಯೂರಿಯಾ 500 ಮಿ.ಗ್ರಾಂ. ಕ್ಯಾಪ್ಸೂಲ್: ವರ್ಷಗಟ್ಟಲೆ ನುಂಗಬಹುದೇ?

ರಕ್ತದಲ್ಲಿ ಕೆಂಪುಕಣಗಳು ಮಿತಿಮೀರುವ ಪಾಲಿಸೈಥೀಮಿಯಾ ವೆರಾ ಎಂಬ ಕಾಯಿಲೆಗೆ ಆಳಂದ ತಾಲ್ಲೂಕಿನಲ್ಲಿರುವ ನಮ್ಮ ತಂದೆಯವರು ಹಲವು ವರ್ಷಗಳಿಂದ ಈ ಔಷಧಿ ತೆಗೆದುಕೊಳ್ಳುತ್ತಿದ್ದಾರೆ. ಇದೂ ಕೀಮೋ, ಅಂದರೆ ಕ್ಯಾನ್ಸರಿಗೆ ಕೊಡುವ ಔಷಧಿಗಳ ಗುಂಪಿನದೇ. ಕೀಮೋ ಎಂದೊಡನೆ ಸಲೈನು, ವಾಂತಿ, ಬೋಳುತಲೆ ನೆನಪಾಗುತ್ತದೆ. ಇದಾದರೋ ಮನೆಯಲ್ಲೇ ನೀರಿನೊಂದಿಗೆ ನುಂಗುವ ಕ್ಯಾಪ್ಸೂಲು, ಅವರ ಕೂದಲೂ ಹಾಗೆಯೇ ಇದೆ. ಇಷ್ಟು ಸೈಕಲ್ (ಚಿಕಿತ್ಸೆಯ ಸುತ್ತು) ಮುಗಿದರೆ ಸಾಕು ಎಂಬ ಲೆಕ್ಕ ಇದಕ್ಕಿಲ್ಲ. ಕಣಗಳು ಹತೋಟಿಯಲ್ಲಿದ್ದು ದೇಹ ತಾಳಿಕೊಳ್ಳುವಷ್ಟು ಕಾಲ ಮುಂದುವರಿಸುತ್ತಾರೆ.

ಡಿಎನ್‌ಎ ತಯಾರಿಕೆಗೆ ಬೇಕಾದ ಕಿಣ್ವವೊಂದನ್ನು ಇದು ತಡೆಯುವುದರಿಂದ ಕೆಂಪುಕಣಗಳ ಜೊತೆಗೆ ಬಿಳಿಕಣಗಳೂ ಪ್ಲೇಟ್‌ಲೆಟ್‌ಗಳೂ ಇಳಿಯಬಹುದು. ಆದ್ದರಿಂದ ಆರಂಭದಲ್ಲಿ ಪದೇ ಪದೇ, ಡೋಸ್ ಒಂದು ಮಟ್ಟಕ್ಕೆ ಸ್ಥಿರವಾದ ಮೇಲೆ ಎರಡು ಮೂರು ತಿಂಗಳಿಗೊಮ್ಮೆ ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ ಪರೀಕ್ಷೆ, ಮಾಡಿಸಲೇಬೇಕು. ಹಳೆಯ ಚೀಟಿ ನೋಡಿಯೇ ತಿಂಗಳ ಮಾತ್ರೆ ಕಟ್ಟಿಕೊಡುವ ಕಲಬುರಗಿಯ ಮೆಡಿಕಲ್ ಅಂಗಡಿಯೊಂದರ ಸೌಜನ್ಯವನ್ನು ನಾನು ಮೆಚ್ಚುವುದಿಲ್ಲ. ರಿಪೋರ್ಟಿನಲ್ಲಿ ಎಂಸಿವಿ (ಕೆಂಪುಕಣದ ಸರಾಸರಿ ಗಾತ್ರ) ಹೆಚ್ಚೆಂದು ಗುರುತು ಹಾಕಿರುವುದನ್ನು ಕಂಡು ಮನೆಯವರು ಗಾಬರಿಯಾದದ್ದುಂಟು. ಈ ಔಷಧಿಯಲ್ಲಿ ಕೆಂಪುಕಣದ ಗಾತ್ರ ಹಿಗ್ಗುವುದು ನಿರೀಕ್ಷಿತವೇ.

ದೀರ್ಘಕಾಲದಲ್ಲಿ ಹೆಚ್ಚು ಗಮನ ಬೇಡುವುದು ಚರ್ಮ. ತಂದೆಯವರ ಹೆಬ್ಬೆರಳಿನ ಉಗುರುಗಳಲ್ಲಿ ಬುಡದಿಂದ ತುದಿಯವರೆಗೆ ಕಪ್ಪು ಗೆರೆಗಳು ಮೂಡಿವೆ, ಅವುಗಳಿಂದ ತೊಂದರೆಯೇನಿಲ್ಲ. ಆದರೆ ಕಣಕಾಲಿನ ಸುತ್ತ ಒಣಗದ ಹುಣ್ಣು ಕಾಣಿಸಿದರೆ ಔಷಧಿಯನ್ನೇ ಬದಲಿಸಬೇಕಾಗಬಹುದು. ಕಟಾವಾದ ತೊಗರಿ ಹೊಲದ ಕೂಳೆ ಚುಚ್ಚಿದ ಗಾಯವನ್ನೂ ನಾವು ಈಗ ಅಲಕ್ಷಿಸುವುದಿಲ್ಲ. ಚರ್ಮದ ಕ್ಯಾನ್ಸರಿನ ಅಪಾಯವೂ ಇರುವುದರಿಂದ, ನಲವತ್ತು ಡಿಗ್ರಿ ದಾಟುವ ನಮ್ಮ ಕಡೆಯ ಬೇಸಿಗೆಯಲ್ಲಿ ತುಂಬುತೋಳಿನ ಅಂಗಿ, ತಲೆಗೆ ರುಮಾಲು ಕಡ್ಡಾಯ.

ಈ ಕಾಯಿಲೆ ತಾನಾಗಿಯೇ ಕೆಲವರಲ್ಲಿ ರಕ್ತದ ಕ್ಯಾನ್ಸರಿಗೆ ತಿರುಗುತ್ತದೆ. ಔಷಧಿಯೇ ಅದನ್ನು ಹೆಚ್ಚಿಸುತ್ತದೆಂಬುದು ಸ್ಪಷ್ಟವಾಗಿ ಸಾಬೀತಾಗಿಲ್ಲ. ಆದರೂ ಚಿಕ್ಕ ವಯಸ್ಸಿನವರಿಗೆ ವೈದ್ಯರು ಇಂಟರ್‌ಫೆರಾನ್ ಎಂಬ ಚುಚ್ಚುಮದ್ದಿನ ಕಡೆಗೂ ಯೋಚಿಸುತ್ತಾರೆ. ವಯಸ್ಸಾದವರಿಗಾದರೆ, ರಕ್ತಪರೀಕ್ಷೆ ತಪ್ಪಿಸುವುದಿಲ್ಲವೆಂಬ ಷರತ್ತಿನ ಮೇಲೆ, ನಾನು ಇದನ್ನು ನಂಬಬಹುದಾದ ಔಷಧಿಯೆಂದೇ ಹೇಳುತ್ತೇನೆ.

ಮಾತ್ರೆ ತೆಗೆದುಕೊಡುವವರು ಕೈಗವಸು ಹಾಕಿಕೊಳ್ಳಬೇಕು, ಕ್ಯಾಪ್ಸೂಲ್ ಬಿಚ್ಚಬಾರದು, ಗರ್ಭಿಣಿಯರು ಮುಟ್ಟಲೇಬಾರದು. ಒಂದು ಹೊತ್ತು ಮರೆತರೆ ಮರುದಿನ ಎರಡು ನುಂಗಬಾರದು. ನಮ್ಮ ಅನುಭವದಲ್ಲಿ ಇದು ಊರಿನ ಅಂಗಡಿಗಳಲ್ಲಿ ಸದಾ ಸಿಗುವುದಿಲ್ಲವಾದ್ದರಿಂದ, ಡಬ್ಬಿ ಖಾಲಿಯಾಗುವ ಒಂದು ವಾರ ಮೊದಲೇ ಕಲಬುರಗಿಯಿಂದ ತರಿಸಿಕೊಳ್ಳುವುದು ಒಳ್ಳೆಯದು.