ಕಲಬುರಗಿಯ ಬಿಸಿಲಿಗೆ ಯಾವ ಸೆನ್ಸರ್ ದೀಪ?

ಕಲಬುರಗಿಯಲ್ಲಿರುವ ನಮ್ಮ ಮೂರು ಮಹಡಿಯ ಮನೆಯ ಮೆಟ್ಟಿಲು, ಪಾರ್ಕಿಂಗ್ ಮತ್ತು ಬಚ್ಚಲುಮನೆಗಳಿಗೆ, ಯಾರಾದರೂ ಓಡಾಡಿದಾಗ ತಾನಾಗಿಯೇ ಹೊತ್ತುವ ಎರಡು ಬಗೆಯ ಸೆನ್ಸರ್ ದೀಪಗಳನ್ನು ಹಾಕಿಸಿ ವರ್ಷ ಕಳೆದಿದೆ. ಒಂದು ಪಿಐಆರ್ ಸೆನ್ಸರ್ ಇರುವ ಬಲ್ಬು, ಇನ್ನೊಂದು ಮೈಕ್ರೊವೇವ್ ಸೆನ್ಸರ್ ಒಳಗೇ ಇರುವ ಸೀಲಿಂಗ್ ಲೈಟ್. ಅಂಗಡಿಯಲ್ಲಿ ಎರಡನ್ನೂ ಒಂದೇ ಹೆಸರಿನಲ್ಲಿ ಮಾರುತ್ತಾರೆ; ಆದರೆ ನಮ್ಮ ಊರಿನ ಬಿಸಿಲಿನಲ್ಲಿ ಇವುಗಳ ನಡೆ ಬೇರೆ ಬೇರೆ.

ಪಿಐಆರ್ ಸೆನ್ಸರ್ ಮನುಷ್ಯನ ಮೈಶಾಖಕ್ಕೂ ಅವನ ಹಿಂದಿನ ಗೋಡೆ, ನೆಲಗಳ ಶಾಖಕ್ಕೂ ಇರುವ ವ್ಯತ್ಯಾಸವನ್ನು ಅವಗೆಂಪು ಕಿರಣಗಳ ಮೂಲಕ ಗುರುತಿಸಿ ದೀಪ ಹೊತ್ತಿಸುತ್ತದೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಇಲ್ಲಿ, ಹಗಲೆಲ್ಲ ಕಾದ ಶಹಾಬಾದ್ ಕಲ್ಲಿನ ಮೆಟ್ಟಿಲುಗಳು ಹೊತ್ತು ಮುಳುಗಿದ ಮೇಲೂ ಬಿಸಿಯಾಗಿಯೇ ಇರುವುದರಿಂದ ಆ ವ್ಯತ್ಯಾಸವೇ ಕುಗ್ಗಿಹೋಗುತ್ತದೆ. ಪಡುವಣ ಗೋಡೆಯ ಬದಿಯ ಬಲ್ಬು ಚಳಿಗಾಲದಲ್ಲಿ ಮೊದಲ ಮೆಟ್ಟಿಲಿಗೆ ಕಾಲಿಟ್ಟ ಕೂಡಲೇ ಹೊತ್ತುತ್ತಿತ್ತು. ಮೇ ತಿಂಗಳಲ್ಲಿ ನಾಲ್ಕೈದು ಮೆಟ್ಟಿಲು ಹತ್ತುವವರೆಗೆ ಕತ್ತಲೆಯೇ. ಹಿರಿಯರಿರುವ ಮನೆಯಲ್ಲಿ ಇದು ಸಣ್ಣ ದೋಷವಲ್ಲ. ಅಲ್ಲಿಗೆ ಮೈಕ್ರೊವೇವ್ ದೀಪ ಹಾಕಿಸಿದ ಮೇಲೆ ತೊಂದರೆ ನಿಂತಿದೆ, ಏಕೆಂದರೆ ಅದು ತಾನೇ ಹೊರಡಿಸಿದ ತರಂಗಗಳು ಮರಳುವಾಗ ಆಗುವ ಬದಲಾವಣೆಯಿಂದ ಚಲನೆಯನ್ನು ಅರಿಯುತ್ತದೆ. ಅದಕ್ಕೆ ಶಾಖದ ಹಂಗಿಲ್ಲ.

ಹಾಗೆಂದು ಎಲ್ಲ ಕಡೆಗೂ ಮೈಕ್ರೊವೇವ್ ಸರಿಯಲ್ಲ. ಅದರ ತರಂಗಗಳು ಪ್ಲೈವುಡ್ ಬಾಗಿಲು, ಗಾಜು, ತೆಳುವಾದ ಪಾರ್ಟಿಶನ್‌ಗಳನ್ನು ದಾಟಿ ಹೋಗುತ್ತವೆ. ಬಚ್ಚಲಿನ ಹೊರಗೆ ಯಾರಾದರೂ ಓಡಾಡಿದರೂ ಒಳಗೆ ದೀಪ ಹೊತ್ತುತ್ತದೆ, ತಿರುಗುವ ಫ್ಯಾನಿಗೂ ಅದು ಆರದೆ ಉಳಿಯಬಹುದು. ನೆರಳಿನ ಒಳಕೋಣೆಗಳಿಗೆ ಪಿಐಆರ್ ಸಾಕು, ಬೆಲೆಯೂ ಕಡಿಮೆ. ಆದರೆ ಅಲುಗದೆ ಕುಳಿತವರನ್ನು ಅದು ಗುರುತಿಸದ ಕಾರಣ ಶೌಚಾಲಯದಲ್ಲಿ ಆರುವ ಸಮಯವನ್ನು ಕೆಲವು ನಿಮಿಷಗಳಿಗೆ ಏರಿಸಲೇಬೇಕು.

ಆದ್ದರಿಂದ ಆರುವ ಸಮಯ, ಗುರುತಿಸುವ ದೂರ ಮತ್ತು ಸುತ್ತಲಿನ ಬೆಳಕು ಎಷ್ಟು ಕುಗ್ಗಿದಾಗ ಹೊತ್ತಬೇಕೆಂಬ ಮಟ್ಟ, ಈ ಮೂರನ್ನೂ ಹೊಂದಿಸುವ ಗುಂಡಿಗಳಿರುವ ದೀಪವನ್ನೇ ಕೇಳಿ ಪಡೆಯಿರಿ. ಅಗ್ಗದ ಬಲ್ಬುಗಳಲ್ಲಿ ಇವು ಇರುವುದೇ ಅಪರೂಪ. ಮಟ್ಟ ಹೊಂದಿಸದಿದ್ದರೆ ಹಾಡುಹಗಲೂ ದೀಪ ಉರಿದು ಬಿಲ್ಲು ಉಳಿಯುವ ಮಾತೇ ಇಲ್ಲ. ಪಿಐಆರ್ ತನ್ನೆದುರು ಅಡ್ಡ ಹಾಯುವವರನ್ನು ಬೇಗ ಹಿಡಿಯುತ್ತದೆ, ನೇರವಾಗಿ ತನ್ನತ್ತ ಬರುವವರನ್ನು ತಡವಾಗಿ. ಕೂಡಿಸುವಾಗ ಎಲೆಕ್ಟ್ರಿಷಿಯನ್‌ಗೆ ಇದನ್ನು ಹೇಳಿ. ಹಳೆಯ ಮನೆಗಳ ಸ್ವಿಚ್ ಬೋರ್ಡಿನಲ್ಲಿ ನ್ಯೂಟ್ರಲ್ ವೈರ್ (ಕರೆಂಟ್ ಮರಳುವ ತಂತಿ) ಇಲ್ಲದಿದ್ದರೆ, ಬೋರ್ಡಿಗೆ ಹಾಕುವ ಸೆನ್ಸರ್ ಸ್ವಿಚ್ಚಿನ ಬದಲು ಹೋಲ್ಡರಿಗೇ ಹಾಕುವ ಸೆನ್ಸರ್ ಬಲ್ಬನ್ನು ಆರಿಸಿಕೊಳ್ಳಿ. ಕರೆಂಟ್ ಹೋದಾಗಲೂ ಮೆಟ್ಟಿಲಿಗೆ ಬೆಳಕು ಬೇಕು, ಹಾಗಾಗಿ ಆ ದೀಪವನ್ನು ಇನ್ವರ್ಟರ್ ಲೈನಿಗೆ ಕೊಡಿಸುವುದು ಒಳ್ಳೆಯದು.