ಪುಸ್ತಕದಂಗಡಿಯ ಭಾನುವಾರದ ಚರ್ಚಾಕೂಟ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಗಲ್ಲಿಯೊಂದರ ಈ ಪುಟ್ಟ ಪುಸ್ತಕದಂಗಡಿಯಲ್ಲಿ, ದೇವರ ಅಸ್ತಿತ್ವ ಹಾಗೂ ವಿಶ್ವದ ಉಗಮದ ಕುರಿತು ಭಾನುವಾರ ಸಂಜೆ ನಡೆಯುವ ಚರ್ಚೆಗೆ ನಾನು ಮೂರು ತಿಂಗಳಿಂದ ತಪ್ಪದೆ ಹೋಗುತ್ತಿದ್ದೇನೆ. ಪ್ರವೇಶ ಉಚಿತ.

ಕಳೆದ ವಾರ ನಿವೃತ್ತ ಶಿಕ್ಷಕರೊಬ್ಬರು ಬಲೂನಿನ ಮೇಲೆ ಪೆನ್ನಿನಿಂದ ಚುಕ್ಕೆಗಳನ್ನಿಟ್ಟು, ಅದನ್ನು ಊದುತ್ತಾ ಗೆಲಾಕ್ಸಿಗಳು ಪರಸ್ಪರ ದೂರ ಸರಿಯುವ ಬಗೆಯನ್ನು ತೋರಿಸಿದರು. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಪ್ರತಿಪಾದಿಸಿದ ಜಾರ್ಜ್ ಲೆಮೈತ್ರ್ ಸ್ವತಃ ಕ್ಯಾಥೊಲಿಕ್ ಪಾದ್ರಿಯಾಗಿದ್ದರೂ, ತಮ್ಮ ಸಿದ್ಧಾಂತವನ್ನು ದೇವರಿಗೆ ಪುರಾವೆಯಾಗಿ ಬಳಸುವುದನ್ನು ಒಪ್ಪಲಿಲ್ಲ ಎಂದು ಅವರು ಹೇಳಿದಾಗ ಆಸ್ತಿಕರೂ ನಾಸ್ತಿಕರೂ ಕ್ಷಣಕಾಲ ಸುಮ್ಮನಾದರು. ‘ಸರ್, ವಿಶ್ವ ಹುಟ್ಟಿದ್ದು ಸುಮಾರು 1380 ಕೋಟಿ ವರ್ಷಗಳ ಹಿಂದೆ ಅಂತಾರೆ, ಅದಕ್ಕಿಂತ ಮೊದಲು ಏನಿತ್ತು?’ ಎಂದು ಕಾಲೇಜು ಹುಡುಗಿಯೊಬ್ಬಳು ಕೇಳಿದಳು. ಋಗ್ವೇದದ ನಾಸದೀಯ ಸೂಕ್ತವೂ ಸೃಷ್ಟಿಯ ಮೂಲವನ್ನು ಪ್ರಶ್ನಿಸಿ, ಉತ್ತರವನ್ನು ತೆರೆದೇ ಇಟ್ಟಿದೆ ಎಂದು ಅವರು ನೆನಪಿಸಿದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ.

ಶರಣಬಸವೇಶ್ವರರ ಗುಡಿಯೂ ಬಂದೇನವಾಜರ ದರ್ಗಾವೂ ಇರುವ ಊರಿನಲ್ಲಿ ಇಂಥ ಮಾತು ಜಗಳವಾಗದೆ ಸಾಗುತ್ತಿರುವುದಕ್ಕೆ ಮಾಲೀಕರ ಹದವರಿತ ನಿರ್ವಹಣೆಯೇ ಕಾರಣ. ಯಾರ ನಂಬಿಕೆಯನ್ನಾಗಲಿ ಅಪನಂಬಿಕೆಯನ್ನಾಗಲಿ ಹೀಯಾಳಿಸಲು ಅವರು ಬಿಡುವುದಿಲ್ಲ. ಆದರೆ ಕಪಾಟಿನಲ್ಲಿ ಖಗೋಳ ವಿಜ್ಞಾನದ ಕನ್ನಡ ಪುಸ್ತಕಗಳು ತೀರಾ ಕಡಿಮೆಯಿದ್ದು, ಈ ಕೊರತೆಯನ್ನು ಅವರು ಬೇಗ ನೀಗಿಸಬೇಕು. ನಮ್ಮ ಬಿಸಿಲಿಗೆ ಒಂದೇ ಫ್ಯಾನು ಸಾಲದು. ಕುರ್ಚಿಗಳು ಹದಿನೈದೇ ಇರುವುದರಿಂದ ಐದೂವರೆಗೆ ಮೊದಲೇ ಬರುವುದು ಒಳ್ಳೆಯದು.