ಏಜೆಂಟ್‌ಗೆ ಟೂಲ್ ಅರ್ಥ ಮಾಡಿಸಲು ಹೆಲ್ಪ್ ಸಾಕೇ, ಎಂಸಿಪಿ ಬೇಕೇ?

ಏಜೆಂಟ್ ಅಂದರೆ ನಮ್ಮ ಪರವಾಗಿ ತಾನೇ ಕಮಾಂಡ್ ಓಡಿಸಿ ಕೆಲಸ ಮಾಡುವ ಎಐ. ನಾವು ಬರೆದ ಟೂಲನ್ನು ಅದು ಸರಿಯಾಗಿ ಬಳಸುವಂತೆ ಹೇಳಿಕೊಡುವುದು ಎಲ್ಲಿ? ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಹೆಲ್ಪ್‌ಗೆ. ಟರ್ಮಿನಲ್‌ನಲ್ಲಿ ಕಮಾಂಡ್ ಜೊತೆ ಹೆಲ್ಪ್ ಎಂದು ಹಾಕಿದರೆ ಬರುತ್ತದಲ್ಲ, ಆ ಪುಟ. ಅದರ ಜೊತೆಗೆ, ಏನಾದರೂ ತಪ್ಪಿದಾಗ ಟೂಲ್ ಕೊಡುವ ಸಂದೇಶ. ರೀಡ್‌ಮಿ (ಟೂಲಿನ ಜೊತೆ ಕೊಡುವ ಪರಿಚಯದ ಫೈಲ್), ಎಂಸಿಪಿ ಸರ್ವರ್ (ಏಜೆಂಟ್‌ಗೆ ಟೂಲನ್ನು ಜೋಡಿಸುವ ಕೊಂಡಿ), ಸ್ಕಿಲ್ (ಏಜೆಂಟ್‌ಗೆಂದು ಬರೆದಿಟ್ಟ ಸೂಚನೆಗಳು) ಎಲ್ಲವನ್ನೂ ಮಾಡಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ನನ್ನ ಟೂಲ್ ಚಿಕ್ಕದು. ಹಳೆಯ ನುಡಿ ಫಾಂಟಿನ ವರ್ಡ್ ಫೈಲುಗಳನ್ನು ಯೂನಿಕೋಡ್ ಪಠ್ಯವಾಗಿ ಬದಲಿಸುತ್ತದೆ. ಆ ಫೈಲುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಅರ್ಕಾವೊತ್ತು ಅಲ್ಲಿ ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಇಂಥ ಹಳೆಯ ಫೈಲುಗಳ ರಾಶಿ ಇಟ್ಟುಕೊಂಡ ಪ್ರಕಾಶಕರು ನಮ್ಮಲ್ಲಿ ಬಹಳ ಇದ್ದಾರೆ. ಒಂದೊಂದೇ ಫೈಲ್ ತೆಗೆದು ಬದಲಿಸುವ ಕೆಲಸವನ್ನು ಏಜೆಂಟ್‌ಗೆ ಒಪ್ಪಿಸುವುದು ಸಹಜ ಅಲ್ವಾ?

ಮೊದಲು ನಂಬಿದ್ದು ರೀಡ್‌ಮಿಯನ್ನು. ಉದ್ದವಾಗಿ, ಎಲ್ಲವನ್ನೂ ವಿವರಿಸಿ ಬರೆದಿದ್ದೆ. ತೊಂದರೆ ಬಂದದ್ದು ಒಂದೇ ಕಡೆ, ಆದರೆ ದೊಡ್ಡದಾಗಿ ಬಂತು.

ಟೂಲ್ ವರ್ಡ್ ಫೈಲಿನಲ್ಲಿ ಫಾಂಟ್ ಹೆಸರು ನೋಡಿ ನುಡಿಯ ಭಾಗವನ್ನಷ್ಟೇ ಬದಲಿಸುತ್ತದೆ. ನಡುವೆ ಇರುವ ಇಂಗ್ಲಿಷ್ ಪದಗಳು ಹಾಗೇ ಉಳಿಯುತ್ತವೆ. ಹೊರಗೆ ಬರುವುದು ಸಾದಾ ಪಠ್ಯ, ಅದರಲ್ಲಿ ಫಾಂಟಿನ ಮಾಹಿತಿ ಇರುವುದಿಲ್ಲ. ಅದನ್ನೇ ಮತ್ತೆ ಟೂಲಿಗೆ ಕೊಟ್ಟರೆ, ಉಳಿದಿದ್ದ ಇಂಗ್ಲಿಷ್ ಪದಗಳನ್ನೂ ನುಡಿ ಎಂದುಕೊಂಡು ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ಕನ್ನಡ ಭಾಗಕ್ಕೆ ಏನೂ ಆಗುವುದಿಲ್ಲ. ಹಾಗಾಗಿ ಮೇಲಿಂದ ಮೇಲೆ ನೋಡಿದವರಿಗೆ ಗೊತ್ತೇ ಆಗದು. ಈ ಎಚ್ಚರಿಕೆ ರೀಡ್‌ಮಿಯ ಕೆಳಭಾಗದಲ್ಲಿತ್ತು. ಏಜೆಂಟ್ ಮೇಲಿನ ಉದಾಹರಣೆ ಓದಿ ಕೆಲಸ ಶುರು ಮಾಡಿತು. ನಡುವೆ ಒಂದು ಫೈಲ್ ತೆರೆಯದೆ ನಿಂತಿತು. ಆಮೇಲೆ ಇಡೀ ಫೋಲ್ಡರನ್ನು ಮೊದಲಿನಿಂದ ತೆಗೆದುಕೊಂಡಿತು, ಆಗಲೇ ಬದಲಾದ ಪಠ್ಯಗಳೂ ಸೇರಿ. ಕೊನೆಗೆ ‘ಎಲ್ಲ ಯಶಸ್ವಿ’ ಎಂದು ವರದಿ ಕೊಟ್ಟಿತು. ಗ್ರಂಥಋಣದ ಇಂಗ್ಲಿಷ್ ಶೀರ್ಷಿಕೆಗಳು, ಇಮೇಲ್ ವಿಳಾಸಗಳು ಎಲ್ಲ ಹಾಳು.

ಇದಕ್ಕೆ ಟೂಲಿನಲ್ಲೇ ತಡೆ ಹಾಕಿದೆ. ಕನ್ನಡದ ಯೂನಿಕೋಡ್ ಅಕ್ಷರ ಕಂಡರೆ ನಿಲ್ಲುತ್ತಿತ್ತು, ‘ಈ ಫೈಲ್ ಆಗಲೇ ಯೂನಿಕೋಡ್. ಆದರೂ ಬದಲಿಸಬೇಕಿದ್ದರೆ ಫೋರ್ಸ್ ಬಳಸಿ’ ಎನ್ನುತ್ತಿತ್ತು. ಫೋರ್ಸ್ ಅಂದರೆ ತಡೆಯನ್ನು ಮೀರಿ ಬದಲಿಸುವ ಆಯ್ಕೆ. ಮನುಷ್ಯರಾದರೆ ಇಲ್ಲಿ ಒಂದು ಕ್ಷಣ ಯೋಚಿಸುತ್ತಾರೆ. ಏಜೆಂಟ್ ನೇರವಾಗಿ ಫೋರ್ಸ್ ಹಾಕಿ ಮುಂದೆ ಹೋಯಿತು. ಅದಕ್ಕೆ ಒಪ್ಪಿಸಿದ್ದು ಕೆಲಸ ಮುಗಿಸುವುದು, ಮುಗಿಸುವ ದಾರಿಯನ್ನು ಸಂದೇಶವೇ ತೋರಿಸಿಕೊಟ್ಟಿತ್ತು.

ಸಂದೇಶ ಹೀಗೆ ಬದಲಾಯಿತು: ‘ಇದು ಆಗಲೇ ಯೂನಿಕೋಡ್ ಫೈಲ್. ಏನೂ ಮಾಡಬೇಕಿಲ್ಲ. ಮುಂದಿನ ಫೈಲಿಗೆ ಹೋಗಿ.’ ಫೋರ್ಸ್ ಎಂಬ ಮಾತೇ ಅಲ್ಲಿಲ್ಲ. ಎಕ್ಸಿಟ್ ಕೋಡನ್ನೂ, ಅಂದರೆ ಟೂಲ್ ಮುಗಿಯುವಾಗ ಹಿಂತಿರುಗಿಸುವ ಸಂಖ್ಯೆಯನ್ನೂ, 1ರಿಂದ 0ಗೆ ಇಳಿಸಿದೆ. ಸೊನ್ನೆ ಬಿಟ್ಟು ಬೇರೆ ಏನೇ ಬಂದರೂ ಕೆಲಸ ಕೆಟ್ಟಿದೆ ಎಂಬುದು ಯುನಿಕ್ಸ್ ಕಾಲದಿಂದ ಬಂದ ರೂಢಿ. 1 ಕಂಡಾಗಲೆಲ್ಲ ಏಜೆಂಟ್ ಬೇರೆ ಬೇರೆ ದಾರಿ ಹುಡುಕುತ್ತಿತ್ತು. ಹೆಲ್ಪ್‌ನಲ್ಲಿ ಫೋರ್ಸ್ ಪಕ್ಕದಲ್ಲೇ ‘ಇಂಗ್ಲಿಷ್ ಪದಗಳು ಹಾಳಾಗುತ್ತವೆ, ಬಳಕೆದಾರರನ್ನು ಕೇಳದೆ ಹಾಕಬೇಡಿ’ ಎಂದು ಬರೆದೆ. ಅಲ್ಲಿಂದ ಮುಂದೆ ಈ ಕಾಟ ಇಲ್ಲ. ರೀಡ್‌ಮಿಯಲ್ಲಿ ಎಷ್ಟೇ ದಪ್ಪ ಅಕ್ಷರದಲ್ಲಿ ಬರೆದಿದ್ದರೂ ಈ ಕೆಲಸ ಆಗುತ್ತಿರಲಿಲ್ಲ. ಏಜೆಂಟ್ ತಪ್ಪು ಹೆಜ್ಜೆ ಇಡುವ ಹೊತ್ತಿಗೆ ಅದರ ಕಣ್ಣ ಮುಂದೆ ಇರುವುದು ಟೂಲಿನ ಸಂದೇಶ ಮಾತ್ರ.

ಹೆಲ್ಪ್ ಬರೆಯುವವರಿಗೆ ಇನ್ನೊಂದು ಮಾತು. ಏಜೆಂಟ್‌ಗಳು ಎಷ್ಟೋ ಸಲ ಹೆಲ್ಪ್‌ನ ಮೊದಲ ಕೆಲವು ಸಾಲುಗಳನ್ನಷ್ಟೇ ಕತ್ತರಿಸಿಕೊಂಡು ಓದುತ್ತವೆ. ಉದಾಹರಣೆ ಮೇಲಿರಲಿ, ಆಯ್ಕೆಗಳ ಪಟ್ಟಿ ಕೆಳಗಿರಲಿ. ‘ಮುಂದುವರಿಸಲೇ?’ ಎಂದು ಕೇಳಿ ಉತ್ತರಕ್ಕೆ ಕಾಯುವ ಪ್ರಶ್ನೆಯಂತೂ ಬೇಡವೇ ಬೇಡ. ಏಜೆಂಟ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಇನ್ನು ಎಂಸಿಪಿ. ಆಂಥ್ರೊಪಿಕ್ 2024ರ ನವೆಂಬರ್‌ನಲ್ಲಿ ಹೊರತಂದ ಪ್ರೋಟೋಕಾಲ್ ಇದು. ಪ್ರತಿ ಟೂಲಿಗೂ ಹೆಸರು, ವಿವರಣೆ, ಒಳಗೆ ಏನು ಕೊಡಬೇಕು ಎಂಬ ಜೇಸನ್ ಸ್ಕೀಮಾ ಇರುತ್ತದೆ. ಸ್ಕೀಮಾ ನನಗೆ ನಿಜಕ್ಕೂ ಇಷ್ಟವಾಯಿತು. ಇಲ್ಲದ ಆಯ್ಕೆಗಳನ್ನು ಏಜೆಂಟ್ ಊಹಿಸಿ ಹಾಕುವುದು ಬಹಳ ಕಮ್ಮಿಯಾಯಿತು. ಆದರೆ ನಮ್ಮ ಕಂಪ್ಯೂಟರಿನಲ್ಲೇ ಓಡುವ ಸರ್ವರ್ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ (ಪ್ರೋಗ್ರಾಂ ಉತ್ತರ ಬರೆಯುವ ಮಾಮೂಲಿ ದಾರಿಗೆ) ಎಂಸಿಪಿ ಸಂದೇಶ ಬಿಟ್ಟು ಬೇರೇನೂ ಬರೆಯುವಂತಿಲ್ಲ. ‘ಇಷ್ಟು ಪುಟ ಆಯಿತು’ ಎಂಬ ಸಾಲೂ ಅಲ್ಲಿ ಹೋಗಬಾರದು, ಅದನ್ನು ಸ್ಟ್ಯಾಂಡರ್ಡ್ ಎರರ್ ಎಂಬ ಬೇರೆ ದಾರಿಯಲ್ಲಿ ಕಳಿಸಬಹುದು. ಮೇಲಾಗಿ ಸರ್ವರ್ ಸೇರಿಸಿಟ್ಟರೆ, ನಾನು ಬಳಸಿದ ಕಡೆಯಲ್ಲೆಲ್ಲ ಟೂಲ್ ಬಳಸದ ದಿನವೂ ಆ ವಿವರಣೆ ಎಐ ಮಾದರಿಗೆ ಹೋಗುತ್ತಿತ್ತು. ನಾನು ಟೋಕನ್ (ಮಾದರಿ ಪಠ್ಯವನ್ನು ಒಡೆದು ಓದುವ ತುಣುಕು) ಲೆಕ್ಕದಲ್ಲಿ ದುಡ್ಡು ಕೊಡುವವನು. ಕನ್ನಡಕ್ಕೆ ಟೋಕನ್ ಬೇರೆ ಜಾಸ್ತಿ ಬೇಕು. ಸುಮ್ನೆ ಖರ್ಚು.

ಸ್ಕಿಲ್ ನನ್ನ ಎರಡನೇ ಆಯ್ಕೆ. ಮೊದಲಿಗೆ ಹೆಸರು ಮತ್ತು ಚಿಕ್ಕ ವಿವರಣೆ ಮಾತ್ರ ಒಳಗೆ ಹೋಗುತ್ತದೆ, ಉಳಿದದ್ದನ್ನು ಬೇಕಾದಾಗ ಏಜೆಂಟ್ ತೆರೆದು ಓದುತ್ತದೆ. ಬದಲಿಸಿದ ಮೇಲೆ ಏನೇನು ಪರೀಕ್ಷಿಸಬೇಕು ಎಂಬ ಕ್ರಮ ಹೇಳಲು ಇದೇ ಸರಿಯಾದ ಜಾಗ.

ರೆಪೊಸಿಟರಿಯಲ್ಲಿ, ಅಂದರೆ ಕೋಡ್ ಇಟ್ಟ ಜಾಗದಲ್ಲಿ, ಏಜೆಂಟ್‌ಗೆ ಸೂಚನೆ ಬರೆದಿಡುವ ಏಜೆಂಟ್ಸ್ ಡಾಟ್ ಎಂಡಿ ಫೈಲ್ ಟೂಲಿನ ಕೋಡ್ ತಿದ್ದುವವರಿಗೆ ಒಳ್ಳೆಯದು. ಟೂಲ್ ಬಳಸುವವರ ಏಜೆಂಟ್ ಬೇರೆಯದೇ ಫೋಲ್ಡರಿನಲ್ಲಿ ಕೂತಿರುತ್ತದೆ, ನನ್ನ ರೆಪೊಸಿಟರಿಯ ಫೈಲ್ ಅದಕ್ಕೆ ಕಾಣುವುದಿಲ್ಲ.

ಎಲ್‌ಎಲ್‌ಎಂಎಸ್ ಡಾಟ್ ಟಿಎಕ್ಸ್‌ಟಿ, ವೆಬ್‌ಸೈಟಿನಲ್ಲಿ ಏನೇನಿದೆ ಎಂದು ಎಐ ಮಾದರಿಗಳಿಗೆ ತಿಳಿಸುವ ಫೈಲ್, 2024ರಲ್ಲಿ ಎಐ ಸಂಶೋಧಕ ಜೆರೆಮಿ ಹೋವರ್ಡ್ ಮುಂದಿಟ್ಟ ಸಲಹೆ. ಡಾಕ್ಯುಮೆಂಟೇಶನ್‌ಗೆಂದೇ ದೊಡ್ಡ ವೆಬ್‌ಸೈಟ್ ಇದ್ದವರಿಗೆ ಸರಿ, ನನ್ನದು ಒಂದೇ ಪುಟ. ವೆಬ್ ಸರ್ವಿಸ್ ಬಳಸುವುದು ಹೇಗೆಂದು ವಿವರಿಸುವ ಓಪನ್ ಎಪಿಐ ಬೇಕಿರುವುದು ಅಂಥ ಸರ್ವಿಸ್ ಇದ್ದವರಿಗೆ.

ನಾನು ದಿನವಿಡೀ ಟರ್ಮಿನಲ್‌ನಲ್ಲಿ ಇರುವವನು, ಟೂಲ್ ನೋಡಿಕೊಳ್ಳುವುದೂ ಒಬ್ಬನೇ. ಹೆಲ್ಪ್ ಕೋಡಿನ ಒಳಗೇ ಇರುತ್ತದೆ, ಆಯ್ಕೆ ಬದಲಿಸಿದಾಗ ಪಕ್ಕದ ಸಾಲನ್ನೂ ಅಲ್ಲೇ ತಿದ್ದಬಹುದು. ಬೇರೆ ಸರ್ವರ್ ಸಾಕುವ ಖರ್ಚಿಲ್ಲ. ಟರ್ಮಿನಲ್ ಮುಟ್ಟದೆ ಚಾಟ್ ಆ್ಯಪ್‌ನಿಂದಲೇ ಕೆಲಸ ಮಾಡಿಸುವ ಕಚೇರಿಗಳಿಗೆ ಎಂಸಿಪಿಯನ್ನೇ ಹೇಳುತ್ತೇನೆ. ಅಂಥವರೂ ಟೂಲಿನ ಎರರ್ ಸಂದೇಶಗಳನ್ನು ಮೊದಲು ಸರಿಮಾಡಿಕೊಳ್ಳಿ, ಏಕೆಂದರೆ ಎಂಸಿಪಿ ಸರ್ವರ್ ಏಜೆಂಟ್‌ಗೆ ಮುಟ್ಟಿಸುವುದೂ ಅವನ್ನೇ.